ಕೆಳಗಿನ ಸುತ್ತು ಆರಲಿ

ಮಗೂ, ಮಡಕೆ ಮಾಡುವುದನ್ನು ಕಲಿಯಬೇಕೆಂದು ನಿನಗೆ ಮನಸ್ಸಾಗಿದೆ ಎಂದು ಕೇಳಿ ನನಗೆ ತುಂಬ ಸಂತೋಷವಾಯಿತು. ಕುಂಬಾರರ ಚಕ್ರವಾದ ತಿಗರಿ ಎಲ್ಲಿ ಸಿಗುತ್ತದೆ, ಕರೆಂಟಿನದ್ದಾದರೆ ಬೆಲೆ ಎಷ್ಟು ಎಂದು ವಿಚಾರಿಸುತ್ತಿದ್ದೀಯಂತೆ. ಆ ವಿಚಾರಣೆಯನ್ನು ಸದ್ಯಕ್ಕೆ ನಿಲ್ಲಿಸು. ನಿನ್ನ ಮೊದಲ ಮಡಕೆಗೆ ತಿಗರಿ ಬೇಡ. ಎರಡು ಕೈ, ಒಂದು ಹಲಗೆ, ಒಂದು ಒದ್ದೆ ಬಟ್ಟೆ, ನಾಲ್ಕೈದು ಕಿಲೋ ಜೇಡಿಮಣ್ಣು ಇದ್ದರೆ ಸಾಕು. ಮಣ್ಣನ್ನು ಎಳೆಯಾಗಿ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು ಬೆಸೆಯುತ್ತಾ ಹೋಗು.

ತಿಗರಿ ಕಷ್ಟ, ಇದು ಸುಲಭ ಎಂಬ ಕಾರಣಕ್ಕೆ ನಾನು ಹೀಗೆ ಹೇಳುತ್ತಿಲ್ಲ. ತಿಗರಿಯ ಮುಂದೆ ಕೂತ ಹೊಸಬರು ಮೊದಲ ವಾರಗಳನ್ನೆಲ್ಲ ಮಣ್ಣಿನ ಮುದ್ದೆಯನ್ನು ನಡುವಿಗೆ ತಂದು ನಿಲ್ಲಿಸುವುದರಲ್ಲೇ ಕಳೆಯುತ್ತಾರೆ. ಚಕ್ರದ ವೇಗಕ್ಕೆ ಗಾಬರಿಯಾಗಿ ನೀರು ಹೊಯ್ಯುತ್ತಾರೆ, ನೀರು ಹೆಚ್ಚಾಗಿ ಗೋಡೆ ಕುಸಿಯುತ್ತದೆ. ಯಾಕೆ ಕುಸಿಯಿತೆಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಳೆಯ ಕೆಲಸದಲ್ಲಿ ಮಣ್ಣು ನಿನಗಾಗಿ ನಿಂತಿರುತ್ತದೆ. ಎಲ್ಲಿ ಬಿರಿಯಿತು, ಎಲ್ಲಿ ಬಾಗಿತು, ಯಾವ ಬೆಸುಗೆ ಬಿಟ್ಟಿತು ಎಂಬುದು ಕಣ್ಣೆದುರಿಗೇ ಇರುತ್ತದೆ. ಮಣ್ಣಿನ ಹಸಿ ಎಂದರೇನು, ಅದು ಗಂಟೆಗಂಟೆಗೂ ಹೇಗೆ ಬದಲಾಗುತ್ತದೆ ಎಂಬುದನ್ನು ಬೆರಳು ಇಲ್ಲಿ ಕಲಿತಷ್ಟು ಚೆನ್ನಾಗಿ ಇನ್ನೆಲ್ಲೂ ಕಲಿಯಲಾರದು. ಕುಂಬಾರಿಕೆಯಲ್ಲಿ ಕಲಿಯಬೇಕಾದ್ದು ಬಹುಪಾಲು ಅದೇ.

ಎಳೆ ಹೊಸೆದು ಮಾಡುವುದು ಶಾಲೆಮಕ್ಕಳ ಆಟ ಎನ್ನುವವರು ನಿನಗೆ ಸಿಗುತ್ತಾರೆ. ನಂಬಬೇಡ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ, ಕೆಳಗಿನ ಪದರಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳ ಜೊತೆಗೆ ಸಿಕ್ಕಿದ್ದು ಹೆಚ್ಚಾಗಿ ಕೈಯಲ್ಲೇ ಮಾಡಿದ ಬೂದುಬಣ್ಣದ ಮಡಕೆಗಳ ಚೂರುಗಳು. ಬಳ್ಳಾರಿ ಕಡೆಯ ಸಂಗನಕಲ್ಲು, ತೆಕ್ಕಲಕೋಟೆ, ರಾಯಚೂರು ಜಿಲ್ಲೆಯ ಮಸ್ಕಿ, ಪಿಕ್ಲಿಹಾಳಗಳ ನವಶಿಲಾಯುಗದ ಜನರೂ ಕೈಮಡಕೆಯವರೇ. ದನ ಸಾಕಿಕೊಂಡು, ಹುರುಳಿ ಹೆಸರು ಬೆಳೆದುಕೊಂಡು, ಸಾವಿರಕ್ಕೂ ಹೆಚ್ಚು ವರ್ಷ ಅವರು ಬೇಯಿಸಿದ್ದು, ಕಾಳು ಕೂಡಿಟ್ಟದ್ದು ಅಂಥ ಮಡಕೆಗಳಲ್ಲಿ. ಕೆಲವಕ್ಕೆ ನುಣ್ಣನೆಯ ಕಲ್ಲಿನಿಂದ ಉಜ್ಜಿ ಹೊಳಪನ್ನೂ ಕೊಟ್ಟಿದ್ದಾರೆ. ಜಪಾನಿನ ಜೋಮೊನ್ ಜನರ ಅತಿ ಹಳೆಯ ಮಡಕೆಗಳಂತೂ ಹತ್ತು ಸಾವಿರ ವರ್ಷಕ್ಕೂ ಹಿಂದಿನವು. ಅವೂ ಎಳೆಯಿಂದ ಎದ್ದವೇ.

ನಮ್ಮ ಕಾಲಕ್ಕೆ ಹತ್ತಿರದವರನ್ನೂ ಹೇಳುತ್ತೇನೆ. ನೈಜೀರಿಯಾದ ಲಾಡಿ ಕ್ವಾಲಿ ಹಳ್ಳಿಯಲ್ಲಿ ಹೆಂಗಸರಿಂದ ಕೈಮಡಕೆ ಕಲಿತವರು. 1950ರ ದಶಕದಲ್ಲಿ ಮೈಕೆಲ್ ಕಾರ್ಡ್ಯೂ ಅಬುಜಾದಲ್ಲಿ ನಡೆಸುತ್ತಿದ್ದ ಕುಂಬಾರಿಕೆ ಕೇಂದ್ರಕ್ಕೆ ಸೇರಿ ತಿಗರಿಯನ್ನೂ ಕಲಿತರು. ಆದರೂ ಜಗತ್ತು ಅವರನ್ನು ನೆನೆಯುವುದು ಎಳೆ ಸುತ್ತಿ ಎತ್ತಿದ, ಮೈತುಂಬ ಗೀರುಚಿತ್ರಗಳಿರುವ ದೊಡ್ಡ ನೀರಿನ ಕೊಡಗಳಿಗಾಗಿ. ಆ ದೇಶದ 20 ನೈರಾ ನೋಟಿನ ಹಿಂಬದಿಯಲ್ಲಿ ಅವರ ಚಿತ್ರವಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸ್ಯಾನ್ ಇಲ್ಡೆಫಾನ್ಸೊ ಎಂಬ ಆದಿವಾಸಿ ಊರಿದೆ. ಅಲ್ಲಿಯ ಮರಿಯಾ ಮಾರ್ಟಿನೆಜ್ 1980ರಲ್ಲಿ ತೀರಿಕೊಂಡರು. ಕನ್ನಡಿಯಷ್ಟು ನುಣುಪಾದ ಅವರ ಕರಿಮಡಕೆಗಳನ್ನು ಇವತ್ತು ದೊಡ್ಡ ದೊಡ್ಡ ಸಂಗ್ರಹಾಲಯಗಳು ಇಟ್ಟುಕೊಂಡಿವೆ. ಅವಕ್ಕೂ ತಿಗರಿಯ ಹಂಗಿಲ್ಲ.

ಹಾಗೆ ನೋಡಿದರೆ ನಮ್ಮ ಕುಂಬಾರರ ತಿಗರಿಯ ಮಡಕೆಯೂ ಪೂರಾ ತಿಗರಿಯದ್ದಲ್ಲ. ಚಕ್ರದಿಂದ ಇಳಿಯುವಾಗ ಅದಕ್ಕೆ ಬಾಯಿ, ಕಂಠ ಕೂಡಿಬಂದಿರುತ್ತದೆ, ಅಷ್ಟೆ. ಒಡಲು ದಪ್ಪವಾಗಿರುತ್ತದೆ, ತಳಕ್ಕೆ ಇನ್ನೂ ಆಕಾರ ಬಂದಿರುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗೆ ಉರುಟು ಕಲ್ಲೊಂದನ್ನು ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ಹೊಟ್ಟೆಯನ್ನು ಹಿಗ್ಗಿಸಿ, ಗೋಡೆಯನ್ನು ತೆಳುಮಾಡಿ, ತಳವನ್ನು ದುಂಡಗೆ ಮುಚ್ಚುತ್ತಾರೆ. ನೀರಿನ ಮಡಕೆಯಲ್ಲಿ ನಾವು ಮೆಚ್ಚುವ ಆ ದುಂಡುತನ ಕೈಯ ಕೆಲಸ. ತಿಗರಿಯನ್ನು ಹೆಂಗಸರು ಮುಟ್ಟಬಾರದೆಂಬ ಕಟ್ಟಳೆ ಭಾರತದ ಬಹಳಷ್ಟು ಕುಂಬಾರರ ಮನೆಗಳಲ್ಲಿತ್ತು. ಮಣ್ಣು ಹದ ಮಾಡುವುದು, ಹೊತ್ತು ಮಾರುವುದು ಅವರ ಪಾಲಿಗೆ. ತಿಗರಿ ಇಲ್ಲದ ಕಡೆ, ಅಂದರೆ ಮಣಿಪುರದ ಆಂಡ್ರೊದಲ್ಲಿ, ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ, ಇಡೀ ಮಡಕೆ ಹೆಂಗಸರ ಕೈಯಲ್ಲೇ ಹುಟ್ಟುತ್ತದೆ. ಕೈಮಡಕೆಯನ್ನು ಒಂದು ಕೈ ಕೀಳಾಗಿ ಕಾಣುವುದರ ಹಿಂದೆ ಈ ಕಾರಣವೂ ಇದೆಯೆಂದು ನನಗೆ ಅನ್ನಿಸುತ್ತದೆ.

ಈಗ ಮಣ್ಣಿಗೆ ಬರೋಣ. ಗಾಳಿಗೇ ಒಣಗಿ ಗಟ್ಟಿಯಾಗುತ್ತದೆಂದು ಪೊಟ್ಟಣದಲ್ಲಿ ಮಾರುವ ಏರ್ ಡ್ರೈ ಕ್ಲೇ ತರಬೇಡ. ಅದು ಬೊಂಬೆಗೆ ಸರಿ, ಮಡಕೆಗಲ್ಲ. ಕುಂಬಾರರ ಮನೆಯಿಂದ ಹದ ಮಾಡಿದ ಜೇಡಿಮಣ್ಣು ಕೇಳಿ ತಾ. ಬೆಂಗಳೂರಿನಲ್ಲಿದ್ದರೆ ಪಾಟರಿ ಟೌನಿಗೆ ಹೋಗು, ಬೆಳಗಾವಿ ಕಡೆಯಾದರೆ ಖಾನಾಪುರದ ಕೆಮ್ಮಣ್ಣಿಗೆ ಹೆಸರಿದೆ. ಊರ ಕೆರೆಯ ಮಣ್ಣನ್ನೇ ಬಳಸುವ ಆಸೆ ಇದ್ದರೆ ಇನ್ನೂ ಒಳ್ಳೆಯದು. ಬಕೆಟ್ಟಿನಲ್ಲಿ ನೀರು ಹಾಕಿ ನೆನೆಯಿಟ್ಟು, ಕಲಸಿ, ಸೊಳ್ಳೆಪರದೆಯ ಬಟ್ಟೆಯಲ್ಲಿ ಸೋಸು. ಕಲ್ಲು, ಬೇರು, ಸುಣ್ಣದ ಹರಳು ಹೋಗಲಿ. ಸುಣ್ಣದ ಹರಳನ್ನಂತೂ ಬಿಡಲೇಬಾರದು. ಸುಟ್ಟಾಗ ಅದು ಸುಟ್ಟಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಚೆನ್ನಾಗಿರುವ ಮಡಕೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಸೋಸಿದ ಕೆಸರನ್ನು ಹಳೆಯ ಪಂಚೆಯಲ್ಲಿ ಕಟ್ಟಿ ತೂಗುಹಾಕಿದರೆ ಎರಡು ಮೂರು ದಿನಕ್ಕೆ ನೀರು ಬಸಿದು ಮಣ್ಣು ಕೈಗೆ ಬರುತ್ತದೆ.

ಎಳೆಗೆ ಮಣ್ಣು ಬಗ್ಗುತ್ತದೋ ಇಲ್ಲವೋ ನೋಡಲು ಒಂದು ಹಳೆಯ ಪರೀಕ್ಷೆಯಿದೆ. ಕಿರುಬೆರಳ ದಪ್ಪಕ್ಕೆ ಒಂದು ತುಂಡು ಹೊಸೆದು ಬೆರಳಿಗೆ ಸುತ್ತು. ಬಿರಿಯದೆ ಸುತ್ತಿಕೊಂಡರೆ ಮಣ್ಣು ಆಗುತ್ತದೆ. ಅಲ್ಲಲ್ಲಿ ಕೂದಲಿನಂಥ ಸೀಳು ಕಂಡರೆ ಇನ್ನಷ್ಟು ನೀರು, ಇನ್ನಷ್ಟು ನಾದುವಿಕೆ ಬೇಕು. ತುಂಡು ತುಂಡಾದರೆ ಅದರಲ್ಲಿ ಮರಳು ಹೆಚ್ಚು, ಜಿಗುಟು ಕಮ್ಮಿ. ಬಯಲುಸೀಮೆಯ ಎರೆಮಣ್ಣು ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ, ಆದರೆ ಅದೊಂದನ್ನೇ ನಂಬಿದರೆ ಮೋಸ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದನ್ನು ನೀನು ನೋಡಿದ್ದೀಯ. ಅದು ನೀರು ಕುಡಿದು ತುಂಬ ಹಿಗ್ಗುವ, ಒಣಗಿದಾಗ ತುಂಬ ಕುಗ್ಗುವ ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳಿಗೆ ಅದು ಹೇಳಿ ಮಾಡಿಸಿದ್ದು, ಯಾಕೆಂದರೆ ಎತ್ತುಗಳನ್ನು ಸುಡುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಬೆಳೆದವನಾದರೆ, ಬೆಳೆದವಳಾದರೆ ಆ ಎತ್ತುಗಳನ್ನು ಮಾಡುವಾಗಲೇ ನಿನ್ನ ಕೈಗೆ ಮಣ್ಣಿನ ಗುರುತು ಆಗಿರುತ್ತದೆ.

ಮಣ್ಣಿಗೆ ಹತ್ತಕ್ಕೆ ಒಂದೆರಡು ಪಾಲಿನಷ್ಟು ನುಣ್ಣನೆ ಮರಳನ್ನೋ ಬೋಕಿಯ ಪುಡಿಯನ್ನೋ ಸೇರಿಸು. ಒಡೆದ ಹಳೆಯ ಮಡಕೆಯನ್ನು, ಹೆಂಚನ್ನು ಕುಟ್ಟಿ ಜರಡಿ ಹಿಡಿದರೆ ಬೋಕಿಪುಡಿ ಆಯಿತು. ಒಮ್ಮೆ ಸುಟ್ಟ ಮಣ್ಣು ಮತ್ತೆ ಕುಗ್ಗುವುದಿಲ್ಲವಾದ್ದರಿಂದ ಅದು ಇಡೀ ಮಡಕೆಯ ಕುಗ್ಗುವಿಕೆಯನ್ನು ತಡೆಹಿಡಿಯುತ್ತದೆ, ಒಳಗಿನ ತೇವ ಹೊರಗೆ ಬರಲು ದಾರಿಯನ್ನೂ ಮಾಡಿಕೊಡುತ್ತದೆ. ಆಮೇಲೆ ನಾದು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ, ಕೈಗೆ ಅಂಟದ ಹದ ಬರುವವರೆಗೆ ನಾದು. ನಾದಿದ ಮುದ್ದೆಯನ್ನು ದಾರದಿಂದ ಕೊಯ್ದು ನೋಡಿದರೆ ಒಳಗೆಲ್ಲ ಒಂದೇ ಬಣ್ಣ, ಒಂದೇ ಹಸಿ ಕಾಣಬೇಕು. ಕುಂಬಾರರು ಕಾಲಲ್ಲಿ ತುಳಿದು ತುಳಿದು ಮಾಡುವುದು ಇದನ್ನೇ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಲವು ವಾರ ಇಟ್ಟರೆ ನೀರು ಕಣಕಣಕ್ಕೂ ಇಳಿದು ಮಣ್ಣು ಇನ್ನಷ್ಟು ಬಗ್ಗುವಂತಾಗುತ್ತದೆ. ಹುಳಿವಾಸನೆ ಬಂದರೆ ಎಸೆಯಬೇಡ. ಅದು ಒಳ್ಳೆಯ ಲಕ್ಷಣ.

ಮೊದಲ ಮಡಕೆ ಒಂದು ಗೇಣಿಗಿಂತ ಎತ್ತರ ಬೇಡ. ಮಣ್ಣು ಹಸಿಯಿಂದ ಸುಡುವವರೆಗೆ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. 20 ಸೆಂಟಿಮೀಟರಿನ ಮಡಕೆ ಬೇಕಿದ್ದರೆ 22ಕ್ಕೆ ಮಾಡು. ಹಲಗೆಯ ಮೇಲೆ ಬಟ್ಟೆಯನ್ನೋ ಹಳೆಯ ಪತ್ರಿಕೆಯನ್ನೋ ಹಾಸು, ಇಲ್ಲದಿದ್ದರೆ ತಳ ಹಲಗೆಗೆ ಅಂಟಿ, ಕುಗ್ಗಲಾರದೆ ನಡುವೆ ಸೀಳುತ್ತದೆ. ಒಂದು ಮುದ್ದೆಯನ್ನು ತಟ್ಟಿ ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡು. ತಟ್ಟುವುದನ್ನು ಬೇಗ ಮುಗಿಸಬೇಡ. ಒತ್ತಾಗಿ ತಟ್ಟಿಸಿಕೊಂಡ ತಳ ಸುಲಭಕ್ಕೆ ಬಿರಿಯುವುದಿಲ್ಲ. ದುಂಡು ತಳ ಬೇಕಾದರೆ ಅಡಿಗೆಮನೆಯ ಬೋಗುಣಿಗೆ ಬಟ್ಟೆ ಹಾಸಿ ಅದರೊಳಗೆ ಬಿಲ್ಲೆಯನ್ನು ಕೂರಿಸು. ಮರಿಯಾ ಮಾರ್ಟಿನೆಜರ ಊರಿನಲ್ಲೂ ಹೀಗೇ ಆಳವಿಲ್ಲದ ತಟ್ಟೆಯೊಂದರಲ್ಲಿ ತಳ ಕೂರಿಸಿ ಕೆಲಸ ಶುರು ಮಾಡುತ್ತಾರೆ. ಬೋಗುಣಿಯನ್ನು ತಿರುಗಿಸುತ್ತಾ ಹೋದರೆ ಅದೇ ನಿನ್ನ ತಿಗರಿ. ಪಶ್ಚಿಮ ಆಫ್ರಿಕಾದ ಹಲವು ಕಡೆ ಮಡಕೆ ಕದಲುವುದಿಲ್ಲ, ಮಾಡುವಾಕೆಯೇ ಅದರ ಸುತ್ತ ಹೆಜ್ಜೆಹಾಕುತ್ತಾಳೆ.

ಎಳೆ ಹೊಸೆಯುವುದು ನೋಡಲು ಸುಲಭ. ಕೂತಾಗ ಗೊತ್ತಾಗುತ್ತದೆ. ಮೊದಲು ಮುಷ್ಟಿಯಷ್ಟು ಮಣ್ಣನ್ನು ಎರಡು ಕೈಗಳ ನಡುವೆ ಹಿಸುಕಿ ಹಿಸುಕಿ ಉದ್ದ ಮಾಡು. ಆಮೇಲೆ ಮೇಜಿನ ಮೇಲಿಟ್ಟು ಹೊಸೆ. ಬೆರಳ ತುದಿಯಿಂದ ಬೇಡ, ಅಂಗೈಯ ಬುಡದಿಂದ ಬೆರಳ ತುದಿಯವರೆಗೆ ಪೂರಾ ಉರುಳಿಸು. ಅರ್ಧ ಉರುಳಿಸಿ ಹಿಂದೆ ತಂದರೆ ಎಳೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ಅದನ್ನು ಎರಡು ತುದಿ ಹಿಡಿದು ಸ್ವಲ್ಪ ತಿರುಚಿ ಮತ್ತೆ ಉರುಳಿಸು, ದುಂಡಾಗುತ್ತದೆ. ಕೈಗಳು ನಡುವಿನಿಂದ ಹೊರಗೆ ಸರಿಯುತ್ತಿರಲಿ. ಒಣಮರದ ಮೇಜು ಎಳೆಯ ತೇವವನ್ನು ಕುಡಿದುಬಿಡುತ್ತದೆ, ಅದಕ್ಕೇ ಅದನ್ನು ಒದ್ದೆಬಟ್ಟೆಯಲ್ಲಿ ಒಮ್ಮೆ ಒರೆಸಿಕೋ. ದಪ್ಪ ಎಷ್ಟು ಅಂದರೆ, ನಿನ್ನ ಗೋಡೆ ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪ ಹೆಚ್ಚು. ಹೊಸಬರಿಗೆ ಹೆಬ್ಬೆರಳ ದಪ್ಪ ಸರಿಯಾಗುತ್ತದೆ. ಬೆಸೆದು ಕೆರೆದ ಮೇಲೆ ಅದು ಒಂದು ಸೆಂಟಿಮೀಟರಿಗೆ ಇಳಿಯುತ್ತದೆ. ಒಂದೇ ಸಲಕ್ಕೆ ಹತ್ತಾರು ಎಳೆ ಹೊಸೆದು ಸಾಲಾಗಿ ಇಡಬೇಡ. ಕೊನೆಯದನ್ನು ಮುಟ್ಟುವ ಹೊತ್ತಿಗೆ ಅದು ಒಣಗಿರುತ್ತದೆ. ಮೂರು ನಾಲ್ಕು ಸಾಕು, ಅವನ್ನೂ ಒದ್ದೆಬಟ್ಟೆಯ ಕೆಳಗಿಡು.

ಇನ್ನು ಬೆಸುಗೆ. ಇಲ್ಲಿ ನನ್ನ ಮಾತನ್ನು ಎರಡು ಸಲ ಓದು. ಉತ್ಖನನ ಮಾಡುವವರು ಬೋಕಿಯೊಂದನ್ನು ಕೈಗೆತ್ತಿಕೊಂಡು ಇದು ಎಳೆಯಿಂದ ಮಾಡಿದ್ದು ಎಂದು ಹೇಗೆ ಗುರುತಿಸುತ್ತಾರೆ ಗೊತ್ತೆ? ಅದು ಒಡೆದ ಅಂಚು ನೋಡಿ. ಎಳೆಗೂ ಎಳೆಗೂ ನಡುವೆ ಬೆಸುಗೆ ಸಾಲದೆ ಹೋದ ಜಾಗದಲ್ಲೇ ಮಡಕೆ ಉದ್ದಕ್ಕೆ ಬಿಟ್ಟುಕೊಂಡಿರುತ್ತದೆ. ಸಾವಿರಾರು ವರ್ಷವಾದರೂ ಅವಸರದ ಬೆಸುಗೆ ತನ್ನ ಗುರುತನ್ನು ಹಾಗೇ ಉಳಿಸಿಕೊಂಡಿರುತ್ತದೆ. ತಳದ ಬಿಲ್ಲೆಯ ಅಂಚನ್ನು ಹಳೆಯ ಫೋರ್ಕಿನಿಂದಲೋ ಸೂಜಿಯಿಂದಲೋ ಅಡ್ಡಡ್ಡ ಗೀರು. ಅದೇ ಮಣ್ಣನ್ನು ನೀರಿನಲ್ಲಿ ಕದಡಿ ಗಟ್ಟಿ ಮೊಸರಿನ ಹದಕ್ಕೆ ತಂದ ಕೆಸರನ್ನು ಹಚ್ಚು. ಸ್ಟುಡಿಯೋಗಳಲ್ಲಿ ಇದನ್ನು ಸ್ಲಿಪ್ ಅನ್ನುತ್ತಾರೆ. ಮೊದಲ ಎಳೆಯನ್ನು ಅದರ ಮೇಲಿಟ್ಟು ಒತ್ತು. ಒತ್ತಿದರೆ ಸಾಲದು, ಹೆಬ್ಬೆರಳಿನಿಂದ ಎಳೆಯ ಮಣ್ಣನ್ನು ಒಳಗಡೆಯಿಂದ ಕೆಳಕ್ಕೆ ಎಳೆದು ತಳಕ್ಕೆ ಸೇರಿಸು. ಇನ್ನೊಂದು ಕೈ ಹೊರಗಿನಿಂದ ಆನಿಕೆ ಕೊಡಬೇಕು. ಒಳಗೆ ಮುಗಿದ ಮೇಲೆ ಹೊರಗೂ ಹಾಗೇ ಎಳೆ. ಗೆರೆ ಮಾಯವಾಗಬೇಕು. ಹೊರಗಿನ ಗೆರೆಗಳು ಚೆಂದ, ಹಾಗೇ ಬಿಡುತ್ತೇನೆ ಎಂದು ನಿನಗೆ ಆಸೆಯಾಗಬಹುದು. ಬಿಡಬಹುದು, ಆದರೆ ಆಗ ಒಳಗಿನ ಬೆಸುಗೆ ಎರಡು ಪಟ್ಟು ಗಟ್ಟಿಯಾಗಿರಬೇಕು. ಮೊದಲ ಮಡಕೆಗೆ ಆ ಆಸೆ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಎಳೆಯ ಎರಡು ತುದಿ ಸೇರುವ ಕಡೆ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸು. ಮುಂದಿನ ಸುತ್ತಿನ ಸೇರುವೆ ಅದರ ನೆತ್ತಿಯ ಮೇಲೇ ಬರದಂತೆ ಬೇರೆ ಕಡೆ ತಾ. ಗೋಡೆ ಕಟ್ಟುವ ಗಾರೆಯವರು ಇಟ್ಟಿಗೆಯ ಸಂದಿಗೆ ಸಂದಿ ಬಾರದಂತೆ ನೋಡಿಕೊಳ್ಳುವುದೂ ಇದೇ ಕಾರಣಕ್ಕೆ. ಒಂದೇ ಉದ್ದ ಎಳೆಯನ್ನು ಸುರುಳಿಯಾಗಿ ಸುತ್ತುತ್ತಾ ಹೋಗುವವರಿದ್ದಾರೆ. ಹೊಸಬರಿಗೆ ಸುತ್ತಿಗೊಂದು ಎಳೆಯೇ ಒಳ್ಳೆಯದು, ಬಾಯಿ ಸಮಮಟ್ಟವಾಗಿ ಏಳುತ್ತದೆ. ಮಣ್ಣು ಇನ್ನೂ ಮೆತ್ತಗಿದ್ದರೆ ಸುತ್ತುಸುತ್ತಿಗೂ ಕೆಸರು ಹಚ್ಚುವ ಅಗತ್ಯವಿಲ್ಲ. ಹಸಿ ಹಸಿಯನ್ನು ಹಿಡಿದುಕೊಳ್ಳುತ್ತದೆ. ಕೆಳಗಿನದು ಆರಿದ್ದಾಗ ಮಾತ್ರ ಗೀರಿ ಕೆಸರು ಹಚ್ಚಲೇಬೇಕು.

ಮೂರು ಸುತ್ತು ಆಯಿತು. ಈಗ ಕೈ ತೆಗೆ. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು. ನಿನಗೆ ಹುಮ್ಮಸ್ಸು ಏರಿರುತ್ತದೆ, ಇನ್ನೆರಡು ಸುತ್ತು ಇಟ್ಟೇಬಿಡೋಣ ಅನ್ನಿಸುತ್ತದೆ. ಇಟ್ಟರೆ ಮೇಲಿನ ಭಾರಕ್ಕೆ ಕೆಳಗಿನ ಹಸಿಗೋಡೆ ಉಬ್ಬಿ ಕೂರುತ್ತದೆ. ಕೆಳಗಿನ ಸುತ್ತು ತನ್ನ ಮೇಲಿನದನ್ನು ಹೊರುವಷ್ಟು ಗಟ್ಟಿಯಾಗಬೇಕು, ಹಾಗೆಂದು ಮೇಲಿನದರ ಜೊತೆ ಕೂಡಿಕೊಳ್ಳಲಾರದಷ್ಟು ಒಣಗಬಾರದು. ಇವೆರಡರ ನಡುವಿನ ಆ ಹೊತ್ತನ್ನು ಹಿಡಿಯುವುದೇ ಈ ಕಸುಬು. ಅದನ್ನು ಗಡಿಯಾರ ಹೇಳಲಾರದು. ಮಂಗಳೂರಿನ ಆಷಾಢದಲ್ಲಿ ಒಂದಿಡೀ ದಿನ ಬೇಕಾದೀತು, ಕಲಬುರಗಿಯ ಏಪ್ರಿಲ್‌ನಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಫ್ಯಾನ್ ಹಾಕಿದ್ದರೆ ಗಾಳಿ ಬಡಿಯುವ ಬದಿ ಮೊದಲು ಆರುತ್ತದೆ, ಮಡಕೆ ಆ ಕಡೆಗೆ ವಾಲುತ್ತದೆ.

ಬೆರಳಿಂದ ಗೋಡೆಯನ್ನು ಒತ್ತಿ ನೋಡು. ಗುಳಿ ಬಿದ್ದರೆ ಇನ್ನೂ ಕಾಯಬೇಕು. ಬೆರಳಚ್ಚು ಮೂಡಿ ಗುಳಿ ಬೀಳದಿದ್ದರೆ ಮುಂದಿನ ಎಳೆ ಇಡಬಹುದು. ಅಚ್ಚೂ ಮೂಡದೆ ಬಣ್ಣ ಮಾಸಿ ತಿಳಿಯಾಗಿದ್ದರೆ ತಡವಾಗಿದೆ. ಈ ಕಾಯುವ ಹೊತ್ತಿನಲ್ಲಿ ಮೇಲಿನ ಅಂಚಿಗೆ ಒದ್ದೆಬಟ್ಟೆಯ ಪಟ್ಟಿಯನ್ನು ಸುತ್ತಿಡು. ಅಂಚು ಹಸಿಯಾಗಿ, ಒಡಲು ಗಟ್ಟಿಯಾಗಿ, ಎರಡೂ ಏಕಕಾಲಕ್ಕೆ ಸಿಗುತ್ತವೆ. ರಾತ್ರಿ ನಿಲ್ಲಿಸಿ ಬೆಳಗ್ಗೆ ಮುಂದುವರಿಸಬೇಕಿದ್ದರೆ ಇಡೀ ಮಡಕೆಗೆ ಪ್ಲಾಸ್ಟಿಕ್ ಚೀಲ ಮುಚ್ಚಿ ಕಟ್ಟು. ತಮಿಳುನಾಡಿನ ಹಳ್ಳಿಗಳ ಅಯ್ಯನಾರ್ ಗುಡಿಗಳ ಮುಂದೆ ಆಳೆತ್ತರವನ್ನೂ ಮೀರಿದ ಮಣ್ಣಿನ ಕುದುರೆಗಳು ನಿಂತಿರುತ್ತವೆ. ಮರಳು, ಭತ್ತದ ಹೊಟ್ಟು ಬೆರೆಸಿದ ಮಣ್ಣಿನಿಂದ, ಒಳಗೆ ಪೊಳ್ಳಾಗಿ, ಹಂತಹಂತವಾಗಿ ಏರಿಸಿದ ಕುದುರೆಗಳು. ಕಾಲುಗಳು ನಿಂತು ಆರಿದ ಮೇಲೆ ಹೊಟ್ಟೆ, ಹೊಟ್ಟೆ ಆರಿದ ಮೇಲೆ ಕತ್ತು. ಅಷ್ಟು ದೊಡ್ಡದನ್ನು ಎತ್ತಿ ನಿಲ್ಲಿಸಿದ್ದು ಕಾಯುವ ತಾಳ್ಮೆಯೇ.

ಆಕಾರದ ಬಗ್ಗೆ. ಹೊಟ್ಟೆ ಹಿಗ್ಗಬೇಕಾದಲ್ಲಿ ಹೊಸ ಎಳೆಯನ್ನು ಕೆಳಗಿನ ಸುತ್ತಿನ ಹೊರ ಅಂಚಿಗೆ ಕೂರಿಸು, ಕುಗ್ಗಬೇಕಾದಲ್ಲಿ ಒಳ ಅಂಚಿಗೆ. ಇಷ್ಟೇ ಸೂತ್ರ. ಆದರೆ ಹೊಸಬರ ಮಡಕೆಗಳೆಲ್ಲ ಬೋಗುಣಿಯಾಗಿ ಬಾಯಿ ಅಗಲಿಸಿಕೊಂಡೇ ಏಳುತ್ತವೆ. ಯಾಕೆಂದರೆ ಬೆಸೆಯುವಾಗ ಪ್ರತಿಸಲವೂ ಹೆಬ್ಬೆರಳು ಒಳಗಿನಿಂದ ಹೊರಕ್ಕೆ ನೂಕುತ್ತದೆ, ಗೋಡೆ ತೆಳುವಾಗಿ ಸುತ್ತಳತೆ ಬೆಳೆಯುತ್ತದೆ. ಅದಕ್ಕೆ ನೇರ ಗೋಡೆ ಬೇಕಾದಾಗಲೂ ಎಳೆಯನ್ನು ಕೂದಲೆಳೆಯಷ್ಟು ಒಳಗೇ ಇಡು. ಅಷ್ಟಾದರೂ ಬಾಯಿ ಅಗಲವಾದರೆ, ಅಂಚಿನಿಂದ ಮೂರು ನಾಲ್ಕು ಕಡೆ ತ್ರಿಕೋನಾಕಾರದ ಚೂರು ಕೊಯ್ದು ತೆಗೆದು, ಗೀರಿ, ಕೆಸರು ಹಚ್ಚಿ, ಸೀಳುಗಳನ್ನು ಕೂಡಿಸು. ದರ್ಜಿಗಳು ರವಿಕೆಗೆ ಡಾಟ್ ಹಿಡಿಯುವ ಕ್ರಮವೇ ಇದು. ಆಗಾಗ ಎದ್ದು ದೂರ ನಿಂತು, ಕಣ್ಣನ್ನು ಮಡಕೆಯ ಮಟ್ಟಕ್ಕೆ ತಂದು ನೋಡು. ಕೂತಲ್ಲಿಂದ ಮೇಲಿನಿಂದ ನೋಡುತ್ತಿದ್ದರೆ ಡೊಂಕು ಕಾಣುವುದೇ ಇಲ್ಲ.

ಬಾಯಿಯ ಕೊನೆಯ ಎಳೆ ಸ್ವಲ್ಪ ದಪ್ಪವಿರಲಿ. ಒದ್ದೆಬಟ್ಟೆಯ ತುಂಡನ್ನು ಅಂಚಿನ ಮೇಲೆ ಮಡಿಸಿ ಹಿಡಿದು ಮಡಕೆಯನ್ನು ತಿರುಗಿಸಿದರೆ ಬಾಯಿ ನಯವಾಗುತ್ತದೆ. ಒಡಲು ಅರೆಯಾರಿದಾಗ ಒಳಗೆ ಅಂಗೈ ಆನಿಸಿ ಹೊರಗಿನಿಂದ ಮರದ ಸೌಟಿನಲ್ಲಿ ಹಗುರವಾಗಿ ತಟ್ಟು. ಉಬ್ಬುತಗ್ಗು ಸಮವಾಗುತ್ತದೆ, ಬೆಸುಗೆಗಳೂ ಒತ್ತಿಕೊಳ್ಳುತ್ತವೆ. ತೆಂಗಿನ ಕರಟದ ಚೂರೊಂದನ್ನು ಸಾಣೆಗೆ ಉಜ್ಜಿಕೊಂಡರೆ ಕೆರೆಯಲು ಅದಕ್ಕಿಂತ ಒಳ್ಳೆಯ ಸಾಧನ ಅಂಗಡಿಯಲ್ಲಿಲ್ಲ. ಹೊಳಪು ಬೇಕಿದ್ದರೆ ಕಾವಿಯನ್ನು ಕೆಸರಿನಲ್ಲಿ ಕಲಸಿ ಬಳಿದು, ಹೊಳೆಯ ನುಣ್ಣನೆಯ ಕಲ್ಲಿನಿಂದ ಉಜ್ಜು. ಚಿತ್ತಾರದ ಬಗ್ಗೆ ನಾನೇನೂ ಹೇಳುವುದಿಲ್ಲ. ಅದು ನಿನ್ನ ಇಷ್ಟ.

ಒಣಗಿಸುವುದು ನೆರಳಿನಲ್ಲಿ, ನಿಧಾನವಾಗಿ. ಬಿಸಿಲಿಗಿಟ್ಟರೆ ಬಾಯಿ ಮೊದಲು ಕುಗ್ಗಿ, ಹಸಿಯಾಗಿಯೇ ಇರುವ ತಳದ ಜೊತೆ ಜಗಳಕ್ಕೆ ಬಿದ್ದು ಸೀಳುತ್ತದೆ. ಮೊದಲ ಎರಡು ದಿನ ಸಡಿಲವಾಗಿ ಪ್ಲಾಸ್ಟಿಕ್ ಮುಚ್ಚಿಡು. ಅಂಚು ಭಾರ ತಡೆಯುವಂತಾದ ಮೇಲೆ ಮಡಕೆಯನ್ನು ಬೋರಲು ಹಾಕು, ತಳಕ್ಕೂ ಗಾಳಿ ಆಡಲಿ. ವಾರ, ಹತ್ತು ದಿನ ಹಿಡಿಯುತ್ತದೆ. ಮಳೆಗಾಲವಾದರೆ ಇನ್ನೂ ಹೆಚ್ಚು. ಒಣಗಿತೋ ಇಲ್ಲವೋ ನೋಡಲು ಮಡಕೆಯನ್ನು ಕೆನ್ನೆಗೆ ತಾಗಿಸು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ, ಅದು ಆರುತ್ತಿರುವುದರಿಂದಲೇ ತಂಪು. ಮಣ್ಣಿನೊಳಗೆ ಗಾಳಿಗುಳ್ಳೆ ಉಳಿದರೆ ಬೆಂಕಿಯಲ್ಲಿ ಮಡಕೆ ಸಿಡಿಯುತ್ತದೆ ಎಂದು ತರಗತಿಗಳಲ್ಲಿ ಹೇಳುತ್ತಾರೆ. ಸಿಡಿಸುವುದು ಗಾಳಿಯಲ್ಲ, ನೀರು. ಪೂರಾ ಒಣಗದ ಗೋಡೆಯೊಳಗಿನ ತೇವ 100 ಡಿಗ್ರಿ ದಾಟಿದೊಡನೆ ಆವಿಯಾಗಿ ಹಿಗ್ಗಿ, ಹೊರಬರಲು ದಾರಿ ಸಿಗದೆ ಗೋಡೆಯನ್ನೇ ಒಡೆದುಕೊಂಡು ಬರುತ್ತದೆ. ದಪ್ಪ ಗೋಡೆಯ ಮಡಕೆಗಳು ಹೆಚ್ಚು ಸಿಡಿಯುವುದು ಅದಕ್ಕೇ.

ಒಣಗಿದ್ದು ಇನ್ನೂ ಮಡಕೆಯಲ್ಲ. ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ, ಜೇಡಿಯ ಕಣದ ರಚನೆಯೊಳಗೇ ಸೇರಿಕೊಂಡಿದ್ದ ನೀರು ಹೊರಟುಹೋಗುತ್ತದೆ. ಅಲ್ಲಿಂದಾಚೆ ಅದು ಕೆಸರಿಗೆ ಮರಳುವುದಿಲ್ಲ. ಅಡಿಗೆಮನೆಯ ಓವನ್ 250 ಡಿಗ್ರಿಗೆ ಸುಸ್ತಾಗುತ್ತದೆ, ಆದ್ದರಿಂದ ಅದರಲ್ಲಿ ಮಡಕೆ ಸುಡುವ ಪ್ರಯತ್ನ ಮಾಡಬೇಡ. ಗ್ಯಾಸ್ ಒಲೆಯ ಮೇಲಂತೂ ಬೇಡವೇ ಬೇಡ. ಸ್ಟುಡಿಯೋದ ಕರೆಂಟಿನ ಗೂಡುಗಳಲ್ಲಿ ಕೆಂಪುಮಣ್ಣನ್ನು ಸಾಮಾನ್ಯವಾಗಿ 950ರಿಂದ 1050 ಡಿಗ್ರಿವರೆಗೆ ಸುಡುತ್ತಾರೆ. ಕುಂಬಾರರು ಮಡಕೆ ಸುಡುವ ಆವಿಗೆಯ ಕಾವು ಬಹಳ ಸಲ 700ರಿಂದ 900ರ ನಡುವೆ ಇರುತ್ತದೆ. ನನ್ನನ್ನು ಕೇಳಿದರೆ ನಿನ್ನ ಮೊದಲ ಮಡಕೆ ಆವಿಗೆಗೇ ಹೋಗಲಿ. ಸೌದೆ, ಬೆರಣಿ, ತೆಂಗಿನ ಮಟ್ಟೆಗಳ ನಡುವೆ ಮಡಕೆಗಳನ್ನು ಪೇರಿಸಿ, ಮೇಲೆ ಹುಲ್ಲು ಮುಚ್ಚಿ ಮಣ್ಣು ಮೆತ್ತಿ, ಮೊದಲು ಹೊಗೆಯಲ್ಲೇ ಬೆಚ್ಚಗಾಗಿಸಿ, ಆಮೇಲೆ ಉರಿ ಏರಿಸುವುದನ್ನು ಹತ್ತಿರ ನಿಂತು ನೋಡು. ಗಾಳಿ ಆಡಿದ ಕಡೆ ಮಣ್ಣಿನ ಕಬ್ಬಿಣದ ಅಂಶ ಕೆಂಪಾಗುತ್ತದೆ, ಗಾಳಿ ಸಿಗದೆ ಹೊಗೆ ಕವಿದ ಕಡೆ ಕಪ್ಪಾಗುತ್ತದೆ. ಬ್ರಹ್ಮಗಿರಿಯ ಕಲ್ಗೋರಿಗಳಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳ ಬಣ್ಣವೂ, ಮರಿಯಾ ಮಾರ್ಟಿನೆಜ್ ಉರಿಯ ಮೇಲೆ ಸಗಣಿಪುಡಿ ಸುರಿದು ಪಡೆದ ಕಪ್ಪೂ ಈ ಗಾಳಿ-ಹೊಗೆಯ ಆಟದಿಂದಲೇ ಬಂದದ್ದು. ಆವಿಗೆ ತಣ್ಣಗಾಗುವ ಮೊದಲು ತೆರೆಯಲು ಆತುರಪಡಬೇಡ. 573 ಡಿಗ್ರಿಯ ಹತ್ತಿರ ಮರಳಿನ ಕ್ವಾರ್ಟ್ಜ್ ಹರಳು ಏರುವಾಗ ಒಮ್ಮೆಲೇ ಹಿಗ್ಗುತ್ತದೆ, ಇಳಿಯುವಾಗ ಒಮ್ಮೆಲೇ ಕುಗ್ಗುತ್ತದೆ. ತಂಗಾಳಿ ತಗುಲಿದರೆ ಗೆದ್ದು ಬಂದ ಮಡಕೆಯೂ ಅಲ್ಲಿ ಸೀಳಿಬಿಡುತ್ತದೆ.

ಸುಟ್ಟ ಮಡಕೆಗೆ ನೀರು ತುಂಬಿಟ್ಟರೆ ಮೈ ಬೆವರುತ್ತದೆ. ಅದು ದೋಷವಲ್ಲ. ಆ ಬೆವರು ಆರುವುದರಿಂದಲೇ ಒಳಗಿನ ನೀರು ತಂಪಾಗುವುದು. ಗಿಡ ನೆಡುವುದಾದರೆ ತಳ ಹಸಿಯಿರುವಾಗಲೇ ತೂತು ಮಾಡಿರಬೇಕು. ಬಣ್ಣ ಹೊಡೆಯಬೇಡ, ಬೇರು ಉಸಿರಾಡುವ ದಾರಿ ಮುಚ್ಚಿಹೋಗುತ್ತದೆ.

ಮನೆಯಲ್ಲಿ ಮಾಡುವವರಿಗೆ ಎರಡು ಎಚ್ಚರಿಕೆ. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶ ಕೆಡುತ್ತದೆ. ಕೆಲಸ ಮಾಡಿದ ಜಾಗವನ್ನು ಗುಡಿಸಬೇಡ, ಒದ್ದೆಬಟ್ಟೆಯಲ್ಲಿ ಒರೆಸು. ಒಣಗಿದ ಮಡಕೆಯನ್ನು ಮರಳುಕಾಗದದಿಂದ ಉಜ್ಜಬೇಡ. ಕೈತೊಳೆದ ನೀರನ್ನು ಸಿಂಕಿಗೆ ಬಿಡಬೇಡ, ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ, ತಿಳಿನೀರನ್ನು ಗಿಡಕ್ಕೆ ಹಾಕಿ ಮಣ್ಣನ್ನು ಮತ್ತೆ ಬಳಸು. ಸುಡುವ ಮೊದಲು ಒಡೆದ ಮಡಕೆಯನ್ನೂ ಆ ಬಕೆಟ್ಟಿಗೇ ಹಾಕು. ಸುಡದ ಮಣ್ಣು ಯಾವತ್ತೂ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ ಒಂದು ಬೇಡಿಕೆ. ಕೆರೆಗಳು ಬಡಾವಣೆಗಳಾದ ಊರುಗಳಲ್ಲಿ ಮಣ್ಣೇ ಸಿಗದೆ ತಿಗರಿ ನಿಲ್ಲಿಸಿದ ಕುಂಬಾರರಿದ್ದಾರೆ. ಇನ್ನೂ ಆವಿಗೆ ಹಚ್ಚುವವರು ನಿನ್ನ ಊರಿನ ಸುತ್ತಮುತ್ತ ಎಲ್ಲೋ ಇರುತ್ತಾರೆ, ಹುಡುಕಿ ಹೋಗು. ನಿನ್ನ ಮಡಕೆಯನ್ನು ಅವರ ಕೈಗೆ ಕೊಟ್ಟು, ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿ ಅವರು ಹೇಳುವ ಮಾತನ್ನು ಗಮನವಿಟ್ಟು ಕೇಳು. ಮಣ್ಣಿಗೂ ಬೆಂಕಿಗೂ ಅವರು ಎಷ್ಟು ಕೇಳುತ್ತಾರೋ ಅಷ್ಟು ಕೊಡು. ಚೌಕಾಸಿ ಮಾಡಬೇಡ.